ವಾಲ್ಯೂಮ್ ಆಕ್ಟಿವೇಶನ್: ಶಾಖೆಗಳಿರುವ ಕಚೇರಿಗೆ ಯಾವ ವಿಧಾನ ಹೊಂದುತ್ತದೆ?

ವಾಲ್ಯೂಮ್ ಪರವಾನಗಿ, ಅಂದರೆ ಹಲವು ಯಂತ್ರಗಳಿಗೆ ಒಟ್ಟಾಗಿ ಪರವಾನಗಿ, ಕೊಂಡ ಕಚೇರಿಗಳು ವಿಂಡೋಸ್ ಮತ್ತು ಆಫೀಸ್ ತಂತ್ರಾಂಶಗಳನ್ನು ಆಕ್ಟಿವೇಟ್ ಮಾಡಿಕೊಳ್ಳಲು, ಅಂದರೆ ಅಸಲಿ ಎಂದು ದೃಢಪಡಿಸಿಕೊಳ್ಳಲು, ಮೈಕ್ರೋಸಾಫ್ಟ್ ಮುಖ್ಯವಾಗಿ ಮೂರು ದಾರಿಗಳನ್ನು ಕೊಟ್ಟಿದೆ. ಕಚೇರಿಯ ಜಾಲದೊಳಗೇ ಇದ್ದು ಕೆಲಸ ಮಾಡುವ ಕೀ ಮ್ಯಾನೇಜ್‌ಮೆಂಟ್ ಸರ್ವಿಸ್, ಅಂದರೆ ಕೆಎಂಎಸ್, ಮೊದಲನೆಯದು. ಒಂದೇ ಕೀಯನ್ನು ಹಲವು ಯಂತ್ರಗಳಿಗೆ ಹಾಕಿ ಇಂಟರ್ನೆಟ್ ಮೂಲಕ ಒಂದೊಂದನ್ನೇ ಆಕ್ಟಿವೇಟ್ ಮಾಡುವ ಮಲ್ಟಿಪಲ್ ಆಕ್ಟಿವೇಶನ್ ಕೀ, ಅಂದರೆ ಎಂಎಕೆ, ಎರಡನೆಯದು. ಡೊಮೇನ್, ಅಂದರೆ ಎಲ್ಲ ಯಂತ್ರಗಳನ್ನೂ ಬಳಕೆದಾರರನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ವ್ಯವಸ್ಥೆ, ಇರುವ ಕಚೇರಿಗಳಿಗೆಂದು ವಿಂಡೋಸ್ 8 ಮತ್ತು ವಿಂಡೋಸ್ ಸರ್ವರ್ 2012ರ ಜೊತೆ ಬಂದ ಆಕ್ಟಿವ್ ಡೈರೆಕ್ಟರಿ ಆಧಾರಿತ ಆಕ್ಟಿವೇಶನ್ ಮೂರನೆಯದು. ಬಾಗಲಕೋಟೆಯ ನವನಗರದಲ್ಲಿ ಪ್ರಧಾನ ಕಚೇರಿಯನ್ನೂ, ಇಳಕಲ್, ಗುಳೇದಗುಡ್ಡ, ಮುಧೋಳ ಮತ್ತು ಜಮಖಂಡಿಗಳಲ್ಲಿ ಶಾಖೆಗಳನ್ನೂ ಹೊಂದಿರುವ ಪತ್ತಿನ ಸಹಕಾರಿ ಸಂಘವೊಂದರ ಗಣಕ ವಿಭಾಗವನ್ನು ನೋಡಿಕೊಳ್ಳುವ ನಾನು ಈ ಮೂರನ್ನೂ ಬಳಸಿದ್ದೇನೆ. ನಮ್ಮ ಭಾಗದ ಮಾರಾಟಗಾರರ ಬಾಯಲ್ಲಿ ವಾಲ್ಯೂಮ್ ಆಕ್ಟಿವೇಶನ್ ಎಂದರೆ ಕೆಎಂಎಸ್ ಎಂದೇ ರೂಢಿಯಾಗಿದೆ. ಕೆಎಂಎಸ್ ಒಳ್ಳೆಯ ವ್ಯವಸ್ಥೆಯೇ ಹೌದು. ಆದರೆ ಒಂದೇ ಕಟ್ಟಡದಲ್ಲಿ ನೂರಾರು ಯಂತ್ರಗಳಿರುವ ಕಾಲೇಜಿಗೋ ಕಾರ್ಖಾನೆಗೋ ಹೊಂದುವಷ್ಟು ಅದು ಜಿಲ್ಲೆಯ ಉದ್ದಗಲಕ್ಕೆ ನಾಲ್ಕೈದು ಯಂತ್ರಗಳಂತೆ ಹಂಚಿಹೋಗಿರುವ ಸಂಘಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಅದರ ಗುಣಗಳನ್ನು ಹೇಳಬೇಕು. ಕೆಎಂಎಸ್ ಸ್ಥಾಪಿಸುವ ಕೆಲಸ ಬಹಳ ಸರಳವಾಗಿದೆ. ವಿಂಡೋಸ್ ಸರ್ವರ್‌ನಲ್ಲಿ ವಾಲ್ಯೂಮ್ ಆಕ್ಟಿವೇಶನ್ ಸರ್ವಿಸಸ್ ಎಂಬ ರೋಲ್ ಸೇರಿಸಿ, ಪರವಾನಗಿಯ ಜೊತೆ ಬಂದ ಹೋಸ್ಟ್ (ಉಳಿದ ಯಂತ್ರಗಳಿಗೆ ಆಕ್ಟಿವೇಶನ್ ಕೊಡುವ ಸರ್ವರ್) ಕೀಯನ್ನು ನಮೂದಿಸಿ, ಆ ಒಂದು ಸರ್ವರನ್ನು ಇಂಟರ್ನೆಟ್ ಅಥವಾ ದೂರವಾಣಿ ಮೂಲಕ ಮೈಕ್ರೋಸಾಫ್ಟ್‌ನಲ್ಲಿ ಒಮ್ಮೆ ಆಕ್ಟಿವೇಟ್ ಮಾಡಿದರೆ ಮುಗಿಯಿತು. ಆಮೇಲೆ ಕಚೇರಿಯ ಯಾವ ಯಂತ್ರವೂ ಆಕ್ಟಿವೇಶನ್ನಿಗಾಗಿ ಹೊರಗಿನ ಇಂಟರ್ನೆಟ್‌ಗೆ ಹೋಗಬೇಕಾಗಿಲ್ಲ. ಇದಕ್ಕೆಂದು ಪ್ರತ್ಯೇಕ ಸರ್ವರ್ ಕೊಳ್ಳುವ ಅಗತ್ಯವೂ ಇಲ್ಲ. ಫೈಲ್ ಸರ್ವರ್ ಆಗಿ ದುಡಿಯುತ್ತಿರುವ ಯಂತ್ರದ ಮೇಲೇ ಇದನ್ನು ಕೂರಿಸಬಹುದು. ಸರ್ವರ್ ತಾನೇ ಜಾಲದ ವಿಳಾಸ ಪುಸ್ತಕದಂತಿರುವ ಡಿಎನ್‌ಎಸ್‌ನಲ್ಲಿ, ಸೇವೆ ಎಲ್ಲಿದೆ ಎಂದು ತಿಳಿಸುವ ವಿಎಲ್‌ಎಂಸಿಎಸ್ ಹೆಸರಿನ ಎಸ್‌ಆರ್‌ವಿ ದಾಖಲೆಯೊಂದನ್ನು ಬರೆಯುತ್ತದೆ, ವಾಲ್ಯೂಮ್ ಆವೃತ್ತಿಯ ವಿಂಡೋಸ್ ಹಾಕಿದ ಯಂತ್ರಗಳು ಆ ದಾಖಲೆಯನ್ನು ಹುಡುಕಿಕೊಂಡು ಹೋಗಿ 1688ನೇ ಟಿಸಿಪಿ ಪೋರ್ಟಿನಲ್ಲಿ ಮಾತನಾಡುತ್ತವೆ. ನಾವು ನೆನಪಿಟ್ಟು ಮಾಡಬೇಕಾದುದು ಸರ್ವರ್‌ನ ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ತೆರೆಯುವುದಷ್ಟೇ. ಹೋದ ಪ್ರಶ್ನೆ, ಬಂದ ಉತ್ತರ ಎರಡೂ ತಲಾ 250 ಬೈಟುಗಳ ಆಸುಪಾಸಿನಲ್ಲಿರುವುದರಿಂದ ಎಷ್ಟೇ ನಿಧಾನದ ಜಾಲಕ್ಕೂ ಇದು ಹೊರೆಯಲ್ಲ.

ಕ್ಲೈಂಟ್, ಅಂದರೆ ಆಕ್ಟಿವೇಶನ್ ಕೇಳುವ, ಯಂತ್ರಗಳಿಗೆ ಹಾಕುವ ಕೀ ಕೂಡ ಗುಟ್ಟಿನದಲ್ಲ. ಮೈಕ್ರೋಸಾಫ್ಟ್ ತಾನೇ ಬಹಿರಂಗವಾಗಿ ಪ್ರಕಟಿಸಿರುವ ಜಿವಿಎಲ್‌ಕೆ ಎಂಬ ಸಾಮಾನ್ಯ ಕೀ ಅದು, ವಾಲ್ಯೂಮ್ ಆವೃತ್ತಿಯ ಸಿಡಿಯಲ್ಲೋ ಐಎಸ್‌ಒ ಕಡತದಲ್ಲೋ ಅದು ಮೊದಲೇ ಸೇರಿರುತ್ತದೆ. ಕಾಪಾಡಿಕೊಳ್ಳಬೇಕಾದುದು ಸರ್ವರ್‌ಗೆ ಹಾಕುವ ಹೋಸ್ಟ್ ಕೀಯನ್ನು ಮಾತ್ರ. ಒಂದು ಹೋಸ್ಟ್ ಕೀಯನ್ನು ಸಾಮಾನ್ಯವಾಗಿ 6 ಸರ್ವರ್‌ಗಳವರೆಗೆ ಬಳಸಬಹುದು. ಈ ಎರಡು ಕೀಗಳ ವ್ಯತ್ಯಾಸ ಅರಿಯದೆ ಕ್ಲೈಂಟ್ ಯಂತ್ರವೊಂದಕ್ಕೆ ಹೋಸ್ಟ್ ಕೀ ಹಾಕಿದರೆ ಆ ಯಂತ್ರ ತಾನೇ ಕೆಎಂಎಸ್ ಹೋಸ್ಟ್ ಎಂದು ಭಾವಿಸಿಕೊಂಡು ಡಿಎನ್‌ಎಸ್‌ನಲ್ಲಿ ತನ್ನ ಹೆಸರನ್ನು ಬರೆದುಬಿಡುತ್ತದೆ, ಉಳಿದ ಯಂತ್ರಗಳು ಅದರ ಬಾಗಿಲು ತಟ್ಟತೊಡಗುತ್ತವೆ. ಈ ಗೊಂದಲವನ್ನು ಬೇರೊಂದು ಸಂಘದ ಕಚೇರಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಅನುಕೂಲವಿದ್ದೂ ನಮಗೆ ತೊಡಕಾದ ಮೊದಲನೆಯ ಸಂಗತಿಯೆಂದರೆ ಕನಿಷ್ಠ ಸಂಖ್ಯೆಯ ನಿಯಮ. ವಿಂಡೋಸ್ ಕ್ಲೈಂಟ್ ಆಕ್ಟಿವೇಟ್ ಆಗಬೇಕಾದರೆ ಕನಿಷ್ಠ 25 ಯಂತ್ರಗಳು ಹೋಸ್ಟ್ ಬಳಿ ಬಂದು ಕೇಳಿರಬೇಕು. ಸರ್ವರ್ ಆವೃತ್ತಿಗಳಿಗೂ ಆಫೀಸ್‌ಗೂ ಈ ಮಿತಿ 5. ಮೊದಲ 24 ಯಂತ್ರಗಳಿಗೆ ಹೋಸ್ಟ್ ತನ್ನ ಎಣಿಕೆಯನ್ನು ತಿಳಿಸುತ್ತದೆಯೇ ಹೊರತು ಆಕ್ಟಿವೇಶನ್ ಕೊಡುವುದಿಲ್ಲ. ಅವು ಎರಡು ಗಂಟೆಗೊಮ್ಮೆ ಮತ್ತೆ ಕೇಳುತ್ತ ಇರುತ್ತವೆ; 25ನೆಯ ಯಂತ್ರ ಬಂದ ನಂತರ ಒಂದೊಂದಾಗಿ ಎಲ್ಲವೂ ಸರಿಹೋಗುತ್ತವೆ. ಪ್ರಧಾನ ಕಚೇರಿಯಲ್ಲಿ ಸಾಲ ವಿಭಾಗ, ಲೆಕ್ಕ ವಿಭಾಗ, ಕ್ಯಾಶ್ ಕೌಂಟರ್, ಪಿಗ್ಮಿ ವಿಭಾಗ ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಯಂತ್ರಗಳು ನಮ್ಮಲ್ಲಿ ಇದ್ದುದರಿಂದ ಕಾಗದದ ಮೇಲೆ ಈ ಹೊಸ್ತಿಲನ್ನು ದಾಟಿದ್ದೆವು. ಆದರೂ ಯಂತ್ರಗಳ ಮೇಲೆ ಎಫ್038 ಎಂದು ಕೊನೆಗೊಳ್ಳುವ ದೋಷಸಂಖ್ಯೆಯೇ ಬರುತ್ತಿತ್ತು. ಹೋಸ್ಟ್ ಸಿಕ್ಕಿದೆ, ಆದರೆ ಎಣಿಕೆ ಸಾಲದು ಎಂಬುದು ಅದರ ಅರ್ಥ. ಹೋಸ್ಟೇ ಸಿಗದಿದ್ದರೆ ಬರುವುದು ಎಫ್074 ಎಂದು ಮುಗಿಯುವ ಸಂಖ್ಯೆ; ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಜಾಲದ ತಂತಿಗಳನ್ನು ಬಿಚ್ಚಿ ನೋಡುವ ಅರ್ಧ ಶ್ರಮ ಉಳಿಯುತ್ತದೆ.

ಕಾರಣ ಸರ್ವರ್‌ನಲ್ಲೇ ಸಿಕ್ಕಿತು. ಪರವಾನಗಿಯ ಸ್ಥಿತಿ ನೋಡುವ ಎಸ್‌ಎಲ್‌ಎಂಜಿಆರ್ ಆದೇಶವನ್ನು ಡಿಎಲ್‌ವಿ ಆಯ್ಕೆಯೊಡನೆ ಕೊಟ್ಟರೆ ಹೋಸ್ಟ್‌ನ ಸದ್ಯದ ಎಣಿಕೆ ಕಾಣಿಸುತ್ತದೆ, ಅದು ಹತ್ತರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಇವೆಂಟ್ ವ್ಯೂಅರ್‌ನಲ್ಲಿ ಕೆಎಂಎಸ್‌ಗೆಂದೇ ಇರುವ ಲಾಗ್‌ನಲ್ಲಿ ಪ್ರತಿ ಕೋರಿಕೆಗೂ 12290 ಸಂಖ್ಯೆಯ ನಮೂದು ಬೀಳುತ್ತದೆ. ಅದರಲ್ಲಿ ಕೇಳಿದ ಯಂತ್ರದ ಹೆಸರು ಮತ್ತು ಸಿಎಂಐಡಿ ಎಂಬ ಅದರ ಗುರುತು ಎರಡೂ ಇರುತ್ತವೆ. ನಮೂದುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಯಂತ್ರಗಳ ಹೆಸರುಗಳು ಬೇರೆ ಬೇರೆ, ಗುರುತು ಮಾತ್ರ ಒಂದೇ. ಒಟ್ಟಿಗೆ ಕೊಂಡ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳಿಗೆ ಪೂರೈಕೆದಾರರು ಒಂದು ಯಂತ್ರವನ್ನು ಸಿದ್ಧಪಡಿಸಿ ಅದರ ಡಿಸ್ಕನ್ನೇ ಉಳಿದವುಗಳಿಗೆ ನಕಲು ಮಾಡಿದ್ದರು, ನಕಲಿಗೆ ಮುನ್ನ ಯಂತ್ರದ ಗುರುತನ್ನು ಅಳಿಸುವ ಸಿಸ್‌ಪ್ರೆಪ್‌ನ ಜನರಲೈಸ್ ಹಂತವನ್ನು ಬಿಟ್ಟಿದ್ದರು. ಹೀಗಾಗಿ ಅಷ್ಟೂ ಯಂತ್ರಗಳು ಹೋಸ್ಟ್‌ನ ಲೆಕ್ಕದಲ್ಲಿ ಒಂದೇ ಯಂತ್ರವಾಗಿದ್ದವು. ಪ್ರತಿ ಯಂತ್ರದಲ್ಲೂ ರೀಆರ್ಮ್ ಆದೇಶ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಹೊಸ ಗುರುತು ಹುಟ್ಟುತ್ತದೆ. ಹಾಗೆ ಮಾಡಿದ ಮೇಲೆ ಎಣಿಕೆ ಏರಿತು. ರೀಆರ್ಮ್ ಅವಕಾಶಗಳಿಗೆ ಮಿತಿ ಇರುವುದರಿಂದ ಅದನ್ನು ಬೇಕಾಬಿಟ್ಟಿ ಬಳಸಬಾರದು. ಡಿಸ್ಕ್ ನಕಲು ಮಾಡಿ ಕೊಡುವ ಪೂರೈಕೆದಾರರು ನಮ್ಮ ಭಾಗದಲ್ಲಿ ಬಹಳ ಮಂದಿ. ಕೆಲಸದ ಆದೇಶದಲ್ಲಿಯೇ ಸಿಸ್‌ಪ್ರೆಪ್ ಮಾಡಿರಬೇಕು ಎಂದು ಒಂದು ಸಾಲು ಬರೆದರೆ ಈ ತಾಪತ್ರಯ ತಪ್ಪುತ್ತದೆ.

ಎಣಿಕೆಯ ಬಗ್ಗೆ ಇನ್ನೂ ಎರಡು ಮಾತು. ಹೋಸ್ಟ್ ಒಂದು ಯಂತ್ರದ ಗುರುತನ್ನು 30 ದಿನ ಮಾತ್ರ ನೆನಪಿಡುತ್ತದೆ, ಅಷ್ಟರೊಳಗೆ ಆ ಯಂತ್ರ ಮತ್ತೆ ಬರದಿದ್ದರೆ ಅದನ್ನು ಲೆಕ್ಕದಿಂದ ಬಿಡುತ್ತದೆ. 26 ಯಂತ್ರಗಳಿಟ್ಟುಕೊಂಡು ಅಂಚಿನಲ್ಲಿ ನಿಂತಿರುವ ಕಚೇರಿಯಲ್ಲಿ ಎರಡು ಯಂತ್ರ ರಿಪೇರಿಗೆ ಹೋಗಿ ತಿಂಗಳು ಕಳೆದರೂ ಉಳಿದವುಗಳ ನವೀಕರಣ ನಿಲ್ಲಬಹುದು. ಇನ್ನೊಂದು, ಹೋಸ್ಟ್ ಬೇಕಾದ ಕನಿಷ್ಠದ ಎರಡರಷ್ಟು, ಅಂದರೆ 50 ಕ್ಲೈಂಟ್‌ಗಳವರೆಗೆ ಮಾತ್ರ ಎಣಿಸುತ್ತದೆ. ಕಚೇರಿಯಲ್ಲಿ ಐನೂರು ಯಂತ್ರಗಳಿದ್ದರೂ ಎಣಿಕೆ 50ರಲ್ಲೇ ನಿಲ್ಲುತ್ತದೆ. ಇದರಿಂದ ಹುಟ್ಟುವ ತಪ್ಪು ತಿಳಿವಳಿಕೆಯನ್ನು ಮುಂದೆ ಹೇಳುತ್ತೇನೆ.

ಎರಡನೆಯ ತೊಡಕು ಶಾಖೆಗಳದು, ನಮ್ಮ ಮಟ್ಟಿಗೆ ಇದೇ ದೊಡ್ಡದು. ಕೆಎಂಎಸ್‌ನಿಂದ ಪಡೆದ ಆಕ್ಟಿವೇಶನ್ 180 ದಿನ ಬಾಳುತ್ತದೆ. ಯಂತ್ರವು 7 ದಿನಕ್ಕೊಮ್ಮೆ ಹೋಸ್ಟನ್ನು ಸಂಪರ್ಕಿಸಿ ಅವಧಿಯನ್ನು ಮತ್ತೆ 180ಕ್ಕೆ ಏರಿಸಿಕೊಳ್ಳುತ್ತದೆ. ಕಚೇರಿಯೊಳಗಿನ ಯಂತ್ರಕ್ಕೆ ಇದು ಗೊತ್ತೇ ಆಗದಂತೆ ನಡೆದುಹೋಗುತ್ತದೆ. ಆದರೆ ಇಳಕಲ್ಲಿನ ಶಾಖೆ ಪ್ರಧಾನ ಕಚೇರಿಯ ಜಾಲದಲ್ಲಿ ಇಲ್ಲ. ಅಲ್ಲಿಯ ಸಿಬ್ಬಂದಿ ಸಂಘದ ತಂತ್ರಾಂಶವನ್ನು ಬ್ರೌಸರ್‌ನಲ್ಲಿ ತೆರೆದು ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೂಲಕವೇ ಕೆಲಸ ಮಾಡುತ್ತಾರೆ. ಪ್ರಧಾನ ಕಚೇರಿಯ ಜಾಲಕ್ಕೆ ಸುರಕ್ಷಿತ ದಾರಿಯಾದ ವಿಪಿಎನ್ ಬೇಕೆಂದು ಅವರಿಗೆ ಅನ್ನಿಸುವ ಸಂದರ್ಭವೇ ಬರುವುದಿಲ್ಲ. ಕೇವಲ ಆಕ್ಟಿವೇಶನ್ನಿಗಾಗಿ ಪ್ರತಿ ಶಾಖೆಗೂ ವಿಪಿಎನ್ ರೂಟರ್ ಹಾಕಿಸುವುದನ್ನು ಆಡಳಿತ ಮಂಡಳಿಯ ಮುಂದೆ ಸಮರ್ಥಿಸುವುದು ಕಷ್ಟ, ಸಮರ್ಥಿಸಲೂಬಾರದು. ಇದಕ್ಕೆ ಒಬ್ಬ ತಂತ್ರಜ್ಞರು ಕೊಟ್ಟ ಸಲಹೆ, 1688ನೇ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದುಬಿಡಿ ಎಂಬುದು. ಅದು ಸಲ್ಲದು. ಕೆಎಂಎಸ್ ಹೋಸ್ಟನ್ನು ಪರವಾನಗಿದಾರರ ಸ್ವಂತ ಬಳಕೆಗೆ ಮಾತ್ರ ಸೀಮಿತವಾಗಿ ಕಾಯಬೇಕಾದ ಹೊಣೆ ನಮ್ಮದೇ. ತೆರೆದಿಟ್ಟ ಹೋಸ್ಟ್ ಊರಿನವರಿಗೆಲ್ಲ ಉಚಿತವಾಗಿ ಆಕ್ಟಿವೇಶನ್ ಹಂಚುವ ಛತ್ರವಾಗಿಬಿಡುತ್ತದೆ.

ಗುಳೇದಗುಡ್ಡದ ಶಾಖೆಯಲ್ಲಿ ವಿಪಿಎನ್ ಹಾಕಿಯೂ ನೋಡಿದ್ದಾಯಿತು. ಅಲ್ಲಿ ಕೌಂಟರಿನ ಹಿಂದಿದ್ದ ಹಳೆಯ ಡೆಸ್ಕ್‌ಟಾಪ್ ಒಂದರ ಮದರ್‌ಬೋರ್ಡ್ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಜಾರುತ್ತಿತ್ತು. ಬೇಸಿಗೆಯಲ್ಲಿ ಕರೆಂಟು ಹೋಗುವುದು ಅಪರೂಪವೇನಲ್ಲ. ಕ್ಲೈಂಟಿನ ಗಡಿಯಾರಕ್ಕೂ ಹೋಸ್ಟ್‌ನ ಗಡಿಯಾರಕ್ಕೂ ಹೆಚ್ಚು ಅಂತರವಿದ್ದರೆ ಕೆಎಂಎಸ್ ಕೋರಿಕೆಯನ್ನು ಒಪ್ಪುವುದಿಲ್ಲ. ಡೊಮೇನ್‌ಗೆ ಸೇರಿದ ಯಂತ್ರ ತನ್ನ ಸಮಯವನ್ನು ಡೊಮೇನನ್ನು ನಡೆಸುವ ಸರ್ವರಾದ ಡೊಮೇನ್ ಕಂಟ್ರೋಲರ್‌ನಿಂದ ಪಡೆಯುತ್ತದೆ, ಇದು ಸೇರಿರಲಿಲ್ಲ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ವಿಂಡೋಸ್ ಆಕ್ಟಿವೇಟ್ ಮಾಡಿ ಎಂಬ ಮಸುಕು ಬರಹ ಕಾಣಿಸಿಕೊಂಡಾಗ ಶಾಖೆಯ ವ್ಯವಸ್ಥಾಪಕರು ಅದನ್ನು ವೈರಸ್ ಎಂದು ತಿಳಿದು ಠೇವಣಿ ರಸೀದಿ ಮುದ್ರಿಸುವುದನ್ನೇ ನಿಲ್ಲಿಸಿದ್ದರು. ಬ್ಯಾಟರಿ ಬದಲಿಸಿದ ಮೇಲೆ ಸರಿಹೋಯಿತಾದರೂ ಶಾಖೆಯಲ್ಲಿ ಕೆಎಂಎಸ್ ನೆಚ್ಚಿಕೊಳ್ಳುವುದು ಬೇಡವೆಂದು ನಿರ್ಧರಿಸಲು ಅಷ್ಟು ಸಾಕಾಯಿತು.

ಈಗ ಪ್ರಧಾನ ಕಚೇರಿ ಆಕ್ಟಿವ್ ಡೈರೆಕ್ಟರಿ ಆಧಾರಿತ ಆಕ್ಟಿವೇಶನ್ ಮೇಲೆ ನಡೆಯುತ್ತಿದೆ, ಮೂರರಲ್ಲಿ ನಾನು ಹೆಚ್ಚು ಮೆಚ್ಚುವುದು ಇದನ್ನೇ. ಅದೇ ರೋಲ್, ಅದೇ ಹೋಸ್ಟ್ ಕೀ, ಕ್ಲೈಂಟ್‌ಗಳಿಗೆ ಅದೇ ಜಿವಿಎಲ್‌ಕೆ. ಸ್ಥಾಪಿಸುವಾಗ ಕೆಎಂಎಸ್ ಬದಲು ಆಕ್ಟಿವ್ ಡೈರೆಕ್ಟರಿ ಎಂದು ಆರಿಸಿ ಎಂಟರ್‌ಪ್ರೈಸ್ ಅಡ್ಮಿನ್ ಅಧಿಕಾರವಿರುವ ಖಾತೆಯಿಂದ ಕೀ ನಮೂದಿಸಿದರೆ, ಡೈರೆಕ್ಟರಿಯೊಳಗೇ ಆಕ್ಟಿವೇಶನ್ ದಾಖಲೆಯೊಂದು ಸೃಷ್ಟಿಯಾಗುತ್ತದೆ. ಡೊಮೇನ್‌ಗೆ ಸೇರಿದ ಯಂತ್ರ ಅದನ್ನು ಓದಿಕೊಂಡು ತಾನೇ ಆಕ್ಟಿವೇಟ್ ಆಗುತ್ತದೆ. ಇಲ್ಲಿ 25ರ ಮಿತಿ ಇಲ್ಲ. ಮೂರೇ ಯಂತ್ರಗಳಿರುವ ಡೊಮೇನ್‌ನಲ್ಲೂ ನಡೆಯುತ್ತದೆ. ಬೇರೆ ಪೋರ್ಟ್ ತೆರೆಯಬೇಕಿಲ್ಲ, ಒಂದು ನಿರ್ದಿಷ್ಟ ಹೋಸ್ಟ್ ಸದಾ ಚಾಲೂ ಇರಬೇಕೆಂಬ ಚಿಂತೆಯೂ ಇಲ್ಲ, ಏಕೆಂದರೆ ಯಾವ ಡೊಮೇನ್ ಕಂಟ್ರೋಲರ್ ಉತ್ತರಿಸಿದರೂ ಸಾಕು. 180 ದಿನದ ಅವಧಿ ಇಲ್ಲಿಯೂ ಇದೆ, ಆದರೆ ದಿನವೂ ಡೊಮೇನ್‌ಗೆ ಲಾಗಿನ್ ಆಗುವ ಯಂತ್ರಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ. ಡೊಮೇನ್‌ನಿಂದ ತೆಗೆದ ಯಂತ್ರ ಆಕ್ಟಿವೇಶನ್ ಕಳೆದುಕೊಳ್ಳುತ್ತದೆ, ಹಳೆಯ ಯಂತ್ರಗಳನ್ನು ಹರಾಜಿಗೆ ಹಾಕುವ ಸಂಘಗಳಿಗೆ ಇದು ಒಳ್ಳೆಯದೇ. ಡೈರೆಕ್ಟರಿಯ ಸ್ಕೀಮಾ, ಅಂದರೆ ಅದರ ದಾಖಲೆಗಳ ರಚನೆ, ಕನಿಷ್ಠ ಸರ್ವರ್ 2012ರ ಮಟ್ಟದಲ್ಲಿರಬೇಕು, ವಿಂಡೋಸ್ 7ಕ್ಕೆ ಇದು ಅನ್ವಯಿಸದು. ಇವೆರಡೂ ಇಂದು ಅಡ್ಡಿಯಾಗಬಾರದು.

ಇಂತಹ ಅನುಕೂಲವಿದ್ದೂ ಮಾರಾಟಗಾರರು ಇದನ್ನು ಮೊದಲಿಗೆ ಏಕೆ ಹೇಳುವುದಿಲ್ಲ ಎಂದರೆ, ನಮ್ಮ ಕಡೆಯ ಅನೇಕ ಕಚೇರಿಗಳಲ್ಲಿ ಸರ್ವರ್ ಇದ್ದರೂ ಡೊಮೇನ್ ಇರುವುದಿಲ್ಲ. ಎಲ್ಲ ಯಂತ್ರಗಳೂ ವರ್ಕ್‌ಗ್ರೂಪ್‌ನಲ್ಲಿ ಇದ್ದು ಸರ್ವರ್ ಎಂಬುದು ಟ್ಯಾಲಿಯ ಡೇಟಾ ಇಡುವ ದೊಡ್ಡ ಪೆಟ್ಟಿಗೆಯಷ್ಟೇ ಆಗಿರುತ್ತದೆ. ಡೊಮೇನ್ ಕಟ್ಟುವ ಶ್ರಮವನ್ನು ಆಕ್ಟಿವೇಶನ್ನಿನ ಖಾತೆಗೆ ಹಾಕಬೇಕಾಗಿಲ್ಲ. ಪಾಸ್‌ವರ್ಡ್ ನೀತಿಗೂ ಯುಎಸ್‌ಬಿ ನಿರ್ಬಂಧಕ್ಕೂ ಹಣಕಾಸು ಸಂಸ್ಥೆಗೆ ಅದು ಹೇಗೂ ಬೇಕು.

ಶಾಖೆಗಳಿಗೆ ಎಂಎಕೆ ಹಾಕಿದ್ದೇವೆ. ಒಮ್ಮೆ ಇಂಟರ್ನೆಟ್ ಅಥವಾ ದೂರವಾಣಿ ಮೂಲಕ ಆಕ್ಟಿವೇಟ್ ಮಾಡಿದರೆ ಯಂತ್ರದ ಭಾಗಗಳು ದೊಡ್ಡದಾಗಿ ಬದಲಾಗುವವರೆಗೂ ನವೀಕರಣದ ಗೊಡವೆ ಇಲ್ಲ. ದೋಷವೆಂದರೆ ಪ್ರತಿ ಎಂಎಕೆಗೂ ನಿಗದಿತ ಸಂಖ್ಯೆಯ ಆಕ್ಟಿವೇಶನ್‌ಗಳಿರುತ್ತವೆ, ಖರ್ಚಾದದ್ದು ಖರ್ಚಾದಂತೆಯೇ. ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೆ ಇನ್ನೊಂದು ಕಳೆಯಬಹುದು. ಇಲ್ಲಿ ವಾಲ್ಯೂಮ್ ಆಕ್ಟಿವೇಶನ್ ಮ್ಯಾನೇಜ್‌ಮೆಂಟ್ ಟೂಲ್, ಅಂದರೆ ವಿಎಎಂಟಿ, ನೆರವಿಗೆ ಬರುತ್ತದೆ. ಉಚಿತವಾಗಿ ಸಿಗುವ ಈ ಸಾಧನದಲ್ಲಿ ಆಕ್ಟಿವೇಶನ್ನಿನ ದೃಢೀಕರಣ ಸಂಖ್ಯೆಯನ್ನು ಉಳಿಸಿಟ್ಟುಕೊಂಡರೆ, ಅದೇ ಯಂತ್ರವನ್ನು ಫಾರ್ಮ್ಯಾಟ್ ಮಾಡಿದಾಗ ಹೊಸ ಆಕ್ಟಿವೇಶನ್ ಕಳೆಯದೆ ಹಳೆಯದನ್ನೇ ಮತ್ತೆ ಹಾಕಬಹುದು. ಶಾಖೆಗೆ ಹೋಗುವ ಹಾರ್ಡ್‌ವೇರ್ ಹುಡುಗರ ಕೈಗೆ ಕೀ ಬರೆದ ಚೀಟಿಯನ್ನು ಕೊಡಬಾರದು. ಎಂಎಕೆ ಎಂಬುದು ಜಿವಿಎಲ್‌ಕೆಯಂತೆ ಬಹಿರಂಗದ ಕೀ ಅಲ್ಲ, ಸೋರಿದರೆ ನಮ್ಮ ಲೆಕ್ಕದಿಂದಲೇ ಖಾಲಿಯಾಗುತ್ತದೆ.

ಆಫೀಸ್ ತಂತ್ರಾಂಶದ ವಿಷಯ ಬೇಗ ಮುಗಿಯುತ್ತದೆ. ಅದಕ್ಕೆ ಬೇರೆ ಹೋಸ್ಟ್ ಕೀ ಬೇಕು, ಸರ್ವರ್‌ನಲ್ಲಿ ಆಫೀಸ್‌ನ ವಾಲ್ಯೂಮ್ ಲೈಸೆನ್ಸ್ ಪ್ಯಾಕ್ ಹಾಕಬೇಕು. 2019ರ ಆವೃತ್ತಿಯಿಂದೀಚೆಗೆ ಎಂಎಸ್‌ಐ ಎಂಬ ಹಳೆಯ ಮಾದರಿಯ ಸ್ಥಾಪನೆ ಇಲ್ಲದ ಕಾರಣ ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್‌ನಲ್ಲಿ ಸಂರಚನಾ ಕಡತವೊಂದನ್ನು ಬರೆದು ಸ್ಥಾಪಿಸಬೇಕಾಗುತ್ತದೆ. ಒಮ್ಮೆ ಬರೆದರೆ ಎಲ್ಲ ಯಂತ್ರಗಳಿಗೂ ಅದೇ ಸಾಕು. ಚಂದಾ ಪಾವತಿಸುವ ಮೈಕ್ರೋಸಾಫ್ಟ್ 365 ಬಳಸುವವರಿಗೆ ಇದಾವುದೂ ಅನ್ವಯಿಸದು, ಅಲ್ಲಿ ಆಕ್ಟಿವೇಶನ್ ನೌಕರರ ಲಾಗಿನ್ ಮೇಲೆ ನಿಂತಿರುತ್ತದೆ.

ಇನ್ನು ಮೇಲೆ ಹೇಳಿದ ತಪ್ಪು ತಿಳಿವಳಿಕೆ. ಕೆಎಂಎಸ್ ಪರವಾನಗಿಗಳನ್ನು ಎಣಿಸುವುದಿಲ್ಲ. ನಾವು ಕೊಂಡದ್ದು 30 ಪರವಾನಗಿಯಾದರೂ 60 ಯಂತ್ರಗಳು ಕೇಳಿದರೆ 60ಕ್ಕೂ ಆಕ್ಟಿವೇಶನ್ ಕೊಡುತ್ತದೆ, ಆಕ್ಟಿವ್ ಡೈರೆಕ್ಟರಿ ವಿಧಾನವೂ ಹಾಗೆಯೇ. ಹೋಸ್ಟ್ ತೋರಿಸುವ 50 ಎಂಬ ಸಂಖ್ಯೆಯನ್ನು ಬಳಕೆಯಲ್ಲಿರುವ ಪರವಾನಗಿಗಳ ಸಂಖ್ಯೆಯೆಂದು ಆಸ್ತಿ ವಹಿಯಲ್ಲಿ ಬರೆದ ಕಚೇರಿಯನ್ನು ನೋಡಿದ್ದೇನೆ. ಎಲ್ಲ ಯಂತ್ರಗಳೂ ಆಕ್ಟಿವೇಟ್ ಆಗಿವೆ ಎಂಬುದು ಲೆಕ್ಕಪರಿಶೋಧಕರ ಮುಂದೆ ಪುರಾವೆಯಲ್ಲ. ಖರೀದಿಯ ಇನ್‌ವಾಯ್ಸ್ ಮತ್ತು ಪರವಾನಗಿ ಪತ್ರಗಳಷ್ಟೇ ಪುರಾವೆ. ಯಂತ್ರದ ಸರಣಿ ಸಂಖ್ಯೆ, ಅದಕ್ಕೆ ಸಲ್ಲುವ ಪರವಾನಗಿ, ಕೊಂಡ ದಿನಾಂಕ ಇವನ್ನು ಬೇರೆ ವಹಿಯಲ್ಲಿ ನಾವೇ ಬರೆದಿಡಬೇಕು. ಇಂತಹ ವರದಿಯನ್ನು ತಾನಾಗಿ ಕೊಡದಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನಾನು ಎಣಿಸುತ್ತೇನೆ.

ಇದಕ್ಕಿಂತ ದುಬಾರಿಯಾಗುವ ತಪ್ಪು ದರಪಟ್ಟಿ ಕರೆಯುವಾಗಲೇ ಆಗುತ್ತದೆ. ಡೆಸ್ಕ್‌ಟಾಪ್ ವಿಂಡೋಸ್‌ನ ವಾಲ್ಯೂಮ್ ಪರವಾನಗಿ ಅಪ್‌ಗ್ರೇಡ್ ಪರವಾನಗಿ ಮಾತ್ರ; ಯಂತ್ರದಲ್ಲಿ ಮೊದಲೇ ಅರ್ಹವಾದ ಮೂಲ ಪರವಾನಗಿ, ಸಾಮಾನ್ಯವಾಗಿ ಕಂಪನಿಯಿಂದಲೇ ಬಂದ ಪ್ರೊ ಆವೃತ್ತಿ, ಇರಬೇಕು. ಹೋಮ್ ಆವೃತ್ತಿ ಅರ್ಹವಲ್ಲ. ಮೂರು ದರಪಟ್ಟಿಗಳಲ್ಲಿ ಕಡಿಮೆ ದರದ್ದನ್ನು ಆರಿಸುವ ಪದ್ಧತಿಯಲ್ಲಿ ಯಾವ ವಿಂಡೋಸೂ ಇಲ್ಲದ ಡಾಸ್ ಯಂತ್ರಗಳೇ ಗೆಲ್ಲುತ್ತವೆ, ಆಮೇಲೆ ಅವುಗಳ ಮೇಲೆ ವಾಲ್ಯೂಮ್ ವಿಂಡೋಸ್ ಹಾಕಲಾಗುತ್ತದೆ. ತಾಂತ್ರಿಕವಾಗಿ ಅದು ಆಕ್ಟಿವೇಟ್ ಆಗುತ್ತದೆ, ಹೋಸ್ಟ್ ಏನನ್ನೂ ಕೇಳುವುದಿಲ್ಲ. ಆದರೆ ಪರವಾನಗಿಯ ದೃಷ್ಟಿಯಿಂದ ಆ ಯಂತ್ರ ಸಿಂಧುವಲ್ಲ. ದರಪಟ್ಟಿಯ ನಮೂನೆಯಲ್ಲಿ ವಿಂಡೋಸ್ ಪ್ರೊ ಸಹಿತ ಎಂಬ ಮಾತು ಕಡ್ಡಾಯವಾಗಿ ಇರಬೇಕು.

ಕೆಎಂಎಸ್ ಹೆಸರಿನಲ್ಲಿ ಪೆನ್‌ಡ್ರೈವ್‌ನಲ್ಲಿ ಓಡಾಡುವ ಆಕ್ಟಿವೇಟರ್‌ಗಳನ್ನು ಇದರೊಂದಿಗೆ ಬೆರೆಸಬಾರದು. ಅವು ಯಂತ್ರದೊಳಗೇ ಒಂದು ಸುಳ್ಳು ಹೋಸ್ಟನ್ನು ಎಬ್ಬಿಸಿ ಅಥವಾ ಹೊರಗಿನ ಅಪರಿಚಿತ ಹೋಸ್ಟ್‌ಗೆ ತಿರುಗಿಸಿ ವಿಂಡೋಸನ್ನು ನಂಬಿಸುತ್ತವೆ, ಅವನ್ನು ನಡೆಸಲು ಆಂಟಿವೈರಸ್ ನಿಲ್ಲಿಸಿ ಎಂಬ ಸೂಚನೆಯೂ ಜೊತೆಗಿರುತ್ತದೆ. ಠೇವಣಿದಾರರ ವಿವರಗಳಿರುವ ಯಂತ್ರದಲ್ಲಿ ಅದನ್ನು ನಡೆಸುವವರಿಗೆ ಕೆಲಸ ಕೊಡಬಾರದು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಯಂತ್ರಗಳನ್ನು ಹಂತಹಂತವಾಗಿ ವಿಂಡೋಸ್ 11ಕ್ಕೆ ಬದಲಿಸುವ ಕಚೇರಿಗಳು ಹೋಸ್ಟ್ ಕೀಯನ್ನೂ ಪರಿಶೀಲಿಸಬೇಕು. ಹೊಸ ಹೋಸ್ಟ್ ಕೀ ಹಳೆಯ ಆವೃತ್ತಿಗಳನ್ನೂ ಆಕ್ಟಿವೇಟ್ ಮಾಡುತ್ತದೆ, ಹಳೆಯ ಕೀ ಹೊಸದನ್ನು ಮಾಡದೆ ಇರಬಹುದು. ಆಗ ಪರವಾನಗಿಯ ಪೋರ್ಟಲ್‌ಗೆ ಹೋಗಿ ಹೊಸ ಕೀ ಪಡೆಯಬೇಕಾಗುತ್ತದೆ, ಅನೇಕರಿಗೆ ಬಾಗಿಲು ಮುಚ್ಚಿರುವುದು ಅಲ್ಲಿಯೇ. ಸಣ್ಣ ಕಚೇರಿಗಳು ಬಳಸುತ್ತಿದ್ದ ಓಪನ್ ಲೈಸೆನ್ಸ್ ಯೋಜನೆಯಲ್ಲಿ ಹೊಸ ಖರೀದಿ 2021ರ ಡಿಸೆಂಬರ್ 31ಕ್ಕೆ ನಿಂತಿದೆ, ಕೀಗಳ ಪುಟ ಮೈಕ್ರೋಸಾಫ್ಟ್ 365ರ ಅಡ್ಮಿನ್ ಸೆಂಟರ್‌ಗೆ ಸ್ಥಳಾಂತರವಾಗಿದೆ. ಕೊಳ್ಳುವಾಗ ಮಾರಾಟಗಾರರು ತಮ್ಮದೇ ಇಮೇಲ್ ವಿಳಾಸ ಕೊಟ್ಟು ನೋಂದಾಯಿಸಿದ್ದರೆ ಪರವಾನಗಿ ಸಂಘದ್ದಾದರೂ ಕೀಲಿಕೈ ಅವರ ಬಳಿಯೇ ಉಳಿದಿರುತ್ತದೆ. ನಮ್ಮ ಖರೀದಿ ಆದೇಶದಲ್ಲಿ ಈಗ ಸಂಘದ ಹೆಸರಿನ ಇಮೇಲ್ ವಿಳಾಸವನ್ನು ನಮೂದಿಸಿ, ಆ ಖಾತೆಯಲ್ಲಿ ಕೀಗಳು ಕಾಣಿಸಿದ ಮೇಲೆಯೇ ಬಿಲ್ಲಿನ ಹಣ ಪಾವತಿಸಲಾಗುವುದು ಎಂಬ ಷರತ್ತನ್ನು ಸೇರಿಸಿದ್ದೇವೆ.